ಎತ್ತರದ ಆಕರ್ಷಣೆ ಮತ್ತು ಆತ್ಮದ ಊರ್ಧ್ವಗತಿ

ಹಳ್ಳಿಯಿಂದ ಮೊದಲ ಬಾರಿ ಮುಂಬಯಿಗೆ ಬಂದವನು ಸಂಜೆ ಮರೀನ್ ಡ್ರೈವ್‌ನ ಕಡಲ ದಂಡೆಯಲ್ಲಿ ನಿಂತರೆ ಅವನ ಕಣ್ಣು ತಾನಾಗಿಯೇ ಮೇಲೇರುತ್ತದೆ. ಸಾಲುಗಟ್ಟಿ ನಿಂತ ಗಗನಚುಂಬಿ ಕಟ್ಟಡಗಳಲ್ಲಿ ದೀಪಗಳು ಬೆಳಗತೊಡಗಿದಾಗ ಅವನು ಮೈಮರೆಯುತ್ತಾನೆ. ಆ ಕಟ್ಟಡಗಳಲ್ಲಿ ಒಂದು ಇಟ್ಟಿಗೆಯೂ ಅವನದಲ್ಲ. ಆದರೂ ಈ ಹರ್ಷವೇಕೆ? ಎತ್ತರದ ಸೆಳೆತ ಮಾನಕಷಾಯದ ಫಲವೇ, ಇಲ್ಲವೆ ಜೀವದ ಮೂಲಸ್ವಭಾವದ ಕುರುಹೇ?

ಕಟ್ಟುವವನಲ್ಲಿ ಮಾನಕಷಾಯ ಇರುವುದುಂಟು. ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದವರು ಪ್ರತಿಸ್ಪರ್ಧಿಯನ್ನು ಮೀರಿಸಲೆಂದೇ ಶಿಖರದ ಸೂಜಿಯನ್ನು ಒಳಗೊಳಗೇ ಜೋಡಿಸಿ 1929ರಲ್ಲಿ ಮೇಲೆತ್ತಿದರು. 319 ಮೀಟರಿನ ಆ ಹಿರಿಮೆ 1931ರಲ್ಲಿ 381 ಮೀಟರಿನ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಕಿರಿದಾಯಿತು. 2010ರಲ್ಲಿ ದುಬೈಯ ಬುರ್ಜ್ ಖಲೀಫಾ 828 ಮೀಟರಿಗೆ ಏರಿತು. ಷಟ್ಖಂಡಗಳನ್ನು ಗೆದ್ದ ಭರತ ಚಕ್ರವರ್ತಿ ವೃಷಭಾಚಲದಲ್ಲಿ ತನ್ನ ಹೆಸರನ್ನು ಕೆತ್ತಿಸಲು ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯೆಲ್ಲ ತುಂಬಿಹೋಗಿತ್ತೆಂದು ಪುರಾಣ ಹೇಳುತ್ತದೆ. ಒಂದು ಹೆಸರನ್ನು ಅಳಿಸಿಯೇ ಆತ ತನ್ನ ಹೆಸರನ್ನು ಬರೆಸಬೇಕಾಯಿತು. ಅಳಿಸಿದವನ ಹೆಸರೂ ಮುಂದೆ ಅಳಿಯುವುದೆಂಬ ಅರಿವು ಅಲ್ಲಿಯೇ ಅವನ ಗರ್ವವನ್ನು ಮುರಿಯಿತು. ಮಹಾನಗರಗಳ ಆಕಾಶರೇಖೆ ಇಂದಿನ ವೃಷಭಾಚಲ.

ಆದರೆ ಕಡಲ ದಂಡೆಯಲ್ಲಿ ನಿಂತ ನೋಡುಗನಿಗೆ ಆ ಗರ್ವದಲ್ಲಿ ಪಾಲಿಲ್ಲ. ಅವನ ಹರ್ಷಕ್ಕೆ ಬೇರೊಂದು ಕಾರಣವನ್ನು ಅರಸಬೇಕು. ಜೀವವು ಊರ್ಧ್ವಗಮನ ಸ್ವಭಾವದ್ದೆಂದು ಜೈನದರ್ಶನ ಸಾರುತ್ತದೆ. ಮಣ್ಣು ಮೆತ್ತಿದ ಸೋರೆಬುರುಡೆ ನೀರಿನಲ್ಲಿ ಮುಳುಗುತ್ತದೆ. ಲೇಪ ಕರಗಿದೊಡನೆ ತಾನೇ ಮೇಲೇಳುತ್ತದೆ. ಕರ್ಮದ ಲೇಪ ಕಳೆದ ಜೀವವೂ ಹಾಗೆಯೇ ಲೋಕಾಗ್ರಕ್ಕೆ ಏರುತ್ತದೆ. ಎತ್ತರವನ್ನು ಕಂಡು ಅರಳುವ ಕಣ್ಣಿನಲ್ಲಿ ಈ ಮೂಲಸ್ವಭಾವದ ಅಸ್ಪಷ್ಟ ನೆನಪನ್ನು ಕಾಣುವುದು ತಪ್ಪಾಗಲಾರದು.

ಎಚ್ಚರ ಬೇಕಾದುದೂ ಇಲ್ಲಿಯೇ. ಬುರ್ಜ್ ಖಲೀಫಾ ಕಟ್ಟಲು ಸುಮಾರು 3,30,000 ಘನ ಮೀಟರ್ ಕಾಂಕ್ರೀಟ್ ಬೇಕಾಯಿತು. ಕಟ್ಟಡ ಏರುವುದು ಭಾರವನ್ನು ಕೂಡಿಸಿಕೊಂಡು; ಜೀವ ಏರುವುದು ಭಾರವನ್ನು ಕಳಚಿಕೊಂಡು. ಒಂದಕ್ಕೆ ಸಂಗ್ರಹವೇ ದಾರಿ, ಮತ್ತೊಂದಕ್ಕೆ ಅಪರಿಗ್ರಹ. ಇಪ್ಪತ್ತನೆಯ ಅಂತಸ್ತಿನಲ್ಲಿ ಮನೆ ಕೊಂಡ ಮಾತ್ರಕ್ಕೆ ಬದುಕು ಎತ್ತರಕ್ಕೆ ಏರಿತೆಂದು ಭಾವಿಸುವುದು, ಬುರುಡೆಗೆ ಇನ್ನಷ್ಟು ಮಣ್ಣು ಮೆತ್ತಿ ತೇಲುವುದೆಂದು ಕಾದಂತೆ.

ಹಾಗೆಂದು ಎತ್ತರವೇ ದೋಷವಲ್ಲ. ನಗರದಲ್ಲಿ ನೆಲ ಕಡಿಮೆ, ಜನ ಹೆಚ್ಚು. ಅಂತಸ್ತುಗಳು ಹಲವು ಕುಟುಂಬಗಳಿಗೆ ಆಸರೆ. ಜೈನ ಪರಂಪರೆಯೂ ಎತ್ತರವನ್ನು ದೂರವಿಟ್ಟಿಲ್ಲ. ಬಸದಿಯ ಮುಂದೆ ಮಾನಸ್ತಂಭ ನಿಲ್ಲುತ್ತದೆ. ವಾದದಲ್ಲಿ ಗೆಲ್ಲಲೆಂದು ಸಮವಸರಣಕ್ಕೆ ಬಂದ ಇಂದ್ರಭೂತಿ ಗೌತಮರ ಮಾನವು ಮಾನಸ್ತಂಭದ ದರ್ಶನದಿಂದಲೇ ಕರಗಿತು. ಅವರೇ ಮಹಾವೀರ ಸ್ವಾಮಿಯ ಪ್ರಥಮ ಗಣಧರರಾದರು. ಆದುದರಿಂದ ಎತ್ತರವನ್ನು ಅಳೆಯಬೇಕಾದುದು ಮೀಟರುಗಳಲ್ಲಿ ಅಲ್ಲ. ಅದು ನೋಡುಗನ ಮಾನವನ್ನು ಬೆಳೆಸಿತೋ ಕರಗಿಸಿತೋ ಎಂಬುದೇ ಒರೆಗಲ್ಲು.

ಮತ್ತೊಂದು ಒರೆಗಲ್ಲೂ ಉಂಟು. ಮೇಲಿನಿಂದ ನೋಡುವವನಿಗೆ ಕೆಳಗಿನ ಮನುಷ್ಯರು ಚುಕ್ಕೆಗಳಾಗುತ್ತಾರೆ, ಇರುವೆ ಕಾಣಿಸುವುದೇ ಇಲ್ಲ. ಕಾಣದ ಜೀವದ ಮೇಲೆ ಕರುಣೆ ಹುಟ್ಟುವುದು ಕಷ್ಟ. ಲೋಕಾಗ್ರವನ್ನೇ ಗುರಿಯಾಗಿಸಿಕೊಂಡ ಮುನಿಯ ದೃಷ್ಟಿಯಾದರೋ ನಡೆಯುವಾಗ ನೆಲದ ಮೇಲಿರುತ್ತದೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವುದು ಈರ್ಯಾಸಮಿತಿ. ಎಲ್ಲಕ್ಕಿಂತ ಎತ್ತರಕ್ಕೆ ಹೊರಟವನೇ ಎಲ್ಲಕ್ಕಿಂತ ಹೆಚ್ಚು ಕೆಳಗೆ ನೋಡುತ್ತಾನೆ.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಸಾವಿರ ವರ್ಷಗಳಿಗೂ ಮಿಗಿಲಾಗಿ ನಿಂತಿರುವ ಗೊಮ್ಮಟೇಶ್ವರನ ಎತ್ತರ ಸುಮಾರು 58 ಅಡಿ. ಆ ಪಾದಗಳ ಬಳಿ ಶಿಲ್ಪಿ ಹುತ್ತಗಳನ್ನು, ಹಾವುಗಳನ್ನು ಬಿಡಿಸಿದ್ದಾನೆ. ಮೈಮೇಲೆ ಬಳ್ಳಿ ಹಬ್ಬಿದೆ. ಯಾವ ಜೀವವನ್ನೂ ಕದಲಿಸದೆ ನಿಂತ ಎತ್ತರವದು. ತಲೆಯೆತ್ತಿ ಮುಖವನ್ನು ನೋಡಿದವರು ತಲೆಬಾಗಿ ಆ ಪಾದಗಳನ್ನೂ ನೋಡಿದರೆ ದರ್ಶನ ಪೂರ್ಣವಾಗುತ್ತದೆ.