ಸುಮ್ಮನೆ ಕೂತವರು

ನಮ್ಮ ಇಂದೂರದ ಕಡೆ ಆಷಾಢ ಹಿಡಿಯಿತೆಂದರೆ ಹೆಂಗಸರ ಬಾಯಲ್ಲಿ ಒಂದೇ ಮಾತು: "ಅರಿವಿ ಒಣಗವಲ್ವು ನೋಡ್ರಿ." ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಹರವುವುದು ರೂಢಿ. ಮಳೆಗಾಲದ ತರಗತಿಯಲ್ಲಿ ಮಕ್ಕಳ ಅಂಗಿಗಳಿಂದ ಹೊಗೆಯ ವಾಸನೆ ಬರುತ್ತಿತ್ತು. ಬಾಣಂತಿ ಇದ್ದ ಮನೆಯಲ್ಲಿ ಅಗ್ಗಿಷ್ಟಿಕೆಯ ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ ಕೂಸಿನ ಬಟ್ಟೆ ಒಣಗಿಸುತ್ತಿದ್ದರು. ಬಿದಿರು, ಹಳೆಯ ಹತ್ತಿಬಟ್ಟೆ, ಕೆಳಗೆ ಕೆಂಡ. ಬೆಂಕಿ ಹತ್ತಲು ಇನ್ನೇನು ಬೇಕು? ಆದರೆ ಪಕ್ಕದಲ್ಲಿ ಒಬ್ಬ ಮುದುಕಿ ಇರುತ್ತಿದ್ದಳು. ಆಕೆಯೇನು ಮಾಡುತ್ತಿದ್ದಾಳೆಂದು ಕೇಳಿದರೆ ಮನೆಯವರು "ಸುಮ್ಮನ ಕೂತಾಳ" ಎನ್ನುತ್ತಿದ್ದರು.

ಈ ಸುಮ್ಮನೆ ಕೂರುವುದು ಕೆಲಸವೋ ಅಲ್ಲವೋ ಎಂಬ ಪ್ರಶ್ನೆ ನನ್ನ ಮುಂದೆ ಬಂದದ್ದು ಇಂಗ್ಲೆಂಡಿನಲ್ಲಿರುವ ಮಗಳಿಂದ. ಅವಳ ಮನೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಇದೆ. ನಮ್ಮ ವಾಷಿಂಗ್ ಮಷೀನಿನ ಡ್ರೈಯರ್ ಬಟ್ಟೆಯನ್ನು ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೆ. ಅಲ್ಲಿಯದು ಬಿಸಿಗಾಳಿ ಹಾಯಿಸುತ್ತದೆ. ಆಗ ಬಟ್ಟೆಯಿಂದ ಉದುರುವ ನವಿರಾದ ಎಳೆಗಳನ್ನು ಒಂದು ಜಾಲರಿ ಹಿಡಿಯುತ್ತದೆ. ಪ್ರತಿಸಲ ಅದನ್ನು ತೆಗೆಯದಿದ್ದರೆ ಗಾಳಿ ಕಟ್ಟಿ ಒಳಗೆ ಕಾವು ಏರುತ್ತದೆ. ಎಣ್ಣೆ ಹಿಡಿದ ಅಡಿಗೆಮನೆ ಬಟ್ಟೆಯನ್ನಂತೂ ಅದರಲ್ಲಿ ಹಾಕಲೇಬಾರದು. ಬಿಸಿಯಾಗಿ ರಾಶಿ ಬಿದ್ದರೆ ತಾನಾಗಿಯೇ ಹೊತ್ತಿಕೊಳ್ಳಬಹುದು.

2015ರಲ್ಲಿ ವರ್ಲ್‌ಪೂಲ್ ಕಂಪನಿ, ತಾನು ಬ್ರಿಟನ್ನಿನಲ್ಲಿ ಬೇರೆಬೇರೆ ಹೆಸರಿನಲ್ಲಿ ಮಾರಿದ್ದ ಲಕ್ಷಗಟ್ಟಲೆ ಡ್ರೈಯರ್‌ಗಳಲ್ಲಿ ಈ ಎಳೆಗಳು ಕಾದ ಭಾಗಕ್ಕೆ ತಗಲಿ ಬೆಂಕಿಯಾಗಬಹುದೆಂದು ಒಪ್ಪಿಕೊಂಡಿತು. ದುರಸ್ತಿಯಾಗುವ ತನಕ ಬಳಸಿರಿ, ಆದರೆ ಬಿಟ್ಟು ಹೋಗಬೇಡಿರಿ ಎಂದಿತು. 2016ರ ಆಗಸ್ಟ್‌ನಲ್ಲಿ ಲಂಡನ್ನಿನ ಶೆಫರ್ಡ್ಸ್ ಕೋರ್ಟ್ ಎಂಬ ಬಹುಮಹಡಿ ಕಟ್ಟಡದಲ್ಲಿ ಇಂಥ ಒಂದು ಡ್ರೈಯರಿನಿಂದ ಎದ್ದ ಬೆಂಕಿ ಮೇಲಿನ ಮನೆಗಳಿಗೂ ಏರಿತು. ಯಂತ್ರ ಒಬ್ಬರದು, ಸುಟ್ಟದ್ದು ಹಲವರ ಮನೆ. ಪ್ಲಗ್ ಕಿತ್ತಿಡಿರಿ ಎಂಬ ಮಾತು ಕಂಪನಿಯಿಂದ ಬಂದದ್ದು 2017ರಲ್ಲಿ. ತನ್ನ ದೋಷಕ್ಕೆ ಗ್ರಾಹಕರನ್ನು ಕಾವಲು ಕೂರಿಸಿದ್ದು ನನಗಂತೂ ನ್ಯಾಯವೆನಿಸಲಿಲ್ಲ.

ಆದರೆ ದೋಷವಿಲ್ಲದ ಯಂತ್ರವನ್ನೂ ರಾತ್ರಿ ಮಲಗುವಾಗ, ಮನೆಗೆ ಬೀಗ ಹಾಕಿ ಹೊರಡುವಾಗ ಓಡಿಸಬಾರದೆಂದು ಅಲ್ಲಿಯ ಅಗ್ನಿಶಾಮಕದವರು ಹೇಳುತ್ತಾರೆ. ಮಗಳಿಗೆ ಇದನ್ನು ಹೇಳಿದೆ. "ಅವ್ವಾ, ಕೂತು ಕಾಯೋದಾದ್ರ ಮಷೀನ್ ಯಾಕ ಬೇಕು?" ಎಂದಳು. ಕೆಲಸಕ್ಕೆ ಹೋಗುವವಳು, ಕೇಳಿದ್ದರಲ್ಲಿ ತಪ್ಪೇನಿದೆ? ಯಂತ್ರ ಬಟ್ಟೆ ಒಣಗಿಸುತ್ತದೆ, ಮುದುಕಿಯ ಜಾಗವನ್ನು ತುಂಬುವುದಿಲ್ಲ. ಆ ಜಾಗದಲ್ಲಿ ಮತ್ತೆ ಹೆಂಗಸನ್ನೇ ಕೂರಿಸಿ, ಅದನ್ನು ಕೆಲಸವೆಂದು ಎಣಿಸದೆ ಇರುವುದಾದರೆ ನಾನು ಮಗಳ ಪಕ್ಷ. ಹಾಗೆಂದು ಜಾಗವನ್ನು ಖಾಲಿ ಬಿಡಲಾದೀತೆ? ಮೇಲಿನ ಮನೆಯಲ್ಲೂ ಕೂಸು ಮಲಗಿರುತ್ತದೆ.

ಅವರ ಮನೆಯಲ್ಲಿ ಈಗ ಭಾನುವಾರ ಹಗಲು, ಎಲ್ಲರೂ ಇರುವಾಗ ಡ್ರೈಯರ್ ಓಡುತ್ತದೆ. ಜಾಲರಿ ಅಳಿಯಂದಿರ ಪಾಲು. ಮೊನ್ನೆ ಮೊಮ್ಮಗ ಅದರಿಂದ ತೆಗೆದ ಬೂದುಬಣ್ಣದ ಮುದ್ದೆಯನ್ನು ಫೋನಿನಲ್ಲಿ ತೋರಿಸಿ, "ಅಜ್ಜಿ, ಮೊಲದ ಬಾಲ!" ಎಂದು ಕುಣಿಯುತ್ತಿದ್ದ.