ಬಕನ ಸರದಿ

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಭಾರತದ ಏಕಚಕ್ರನಗರವೆಂಬುದು ಈ ಸೀಮೆಯ ಪರಂಪರಾಗತವಾದ ನಂಬಿಕೆ. ಬಕನು ಆ ಊರಿಗೆ ವಿಧಿಸಿದ್ದ ಕರವು ಸರ್ವರಿಗೂ ವಿದಿತವಾದುದೇ: ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ಒಯ್ದ ಮನುಷ್ಯನೊಬ್ಬ. ಮನೆಮನೆಗೂ ಸರದಿ, ಸರದಿ ಮುಗಿದರೆ ಮತ್ತೆ ಮೊದಲಿನಿಂದ.

ಇಂತಹುದೇ ಚಕ್ರವೊಂದನ್ನು ಜಪಾನಿನಲ್ಲಿ ರ್ಯೂಕಿಶಿ07 ಎಂಬ ಅಂಕಿತನಾಮದ ಲೇಖಕನು ಕಲ್ಪಿಸಿರುವನು. ಅವನ ‘ಹಿಗುರಾಶಿ ನೋ ನಾಕು ಕೊರೊ ನಿ’ ಎಂಬುದು ದೃಶ್ಯಕಾದಂಬರಿ. ಅರ್ಥಾತ್, ಗಣಕಯಂತ್ರದ ತೆರೆಯ ಮೇಲೆ ಚಿತ್ರ ಸಂಗೀತಗಳೊಡನೆ ಓದತಕ್ಕ ಕಥೆ. 2002ರಿಂದ 2006ರವರೆಗೆ ಎಂಟು ಭಾಗಗಳಾಗಿ ಅದು ಹೊರಬಂದಿತು. ಹಿನಾಮಿಜಾವಾ ಎಂಬ ಕಲ್ಪಿತ ಗ್ರಾಮ. 1983ರ ಜೂನ್ ಮಾಸ. ಒಂದೇ ಶಾಲೆಯ ಕೆಲವರು ಬಾಲಕಬಾಲಿಕೆಯರು. ಅವರಲ್ಲಿ ರಿಕಾ ಎಂಬವಳು ಹತಳಾಗುವಳು; ಕಾಲವು ಹಿಂದಿರುಗುವುದು; ಪುನಃ ಅದೇ ಜೂನ್, ಅದೇ ಮರಣ. ಹೀಗೆ ನೂರು ವರ್ಷಗಳಷ್ಟು ಕಾಲ. ಮಿತ್ರರು ಮರೆಯುವರು, ಅವಳು ಮರೆಯಳು.

ಜ್ಞಾನದಿಂದಲೇ ಬಿಡುಗಡೆಯೆಂದು ಹಿರಿಯರು ಹೇಳುವರಷ್ಟೆ. ಹಾಗಾದರೆ ಇಷ್ಟನ್ನು ಬಲ್ಲ ರಿಕಾಳಿಗೆ ಬಿಡುಗಡೆಯೇಕೆ ಆಗಲಿಲ್ಲ? ಬಲ್ಲುದನ್ನು ಅವಳು ಮಿತ್ರರಿಗೆ ಹೇಳದೆ ಎದೆಯಲ್ಲಿಯೇ ಹುದುಗಿಸಿದಳು. ಹುದುಗಿದ ಅರಿವು ಪ್ರಯತ್ನವಾಗದೆ ನಿರಾಶೆಯಾಯಿತು. ಏಕಚಕ್ರದವರೂ ಬಲ್ಲವರೇ; ಆದರೂ ತಮ್ಮದಲ್ಲದ ಸರದಿಯ ದಿನ ಬಾಗಿಲಿಕ್ಕಿಕೊಂಡಿರುವುದೇ ಅವರಿಗೆ ಬಾಳುವೆಯಾಗಿತ್ತು. ಒಂದು ಮನೆಯ ಅಳು ಕುಂತಿಯ ಕಿವಿಗೆ ಬಿದ್ದುದರಿಂದಲ್ಲವೇ ಬಕನ ಕಥೆ ಮುಗಿದುದು?

ತನ್ನ ದುಃಖವನ್ನು ಪರರಿಗೆ ಹೇಳುವುದು ಅದನ್ನು ಅವರ ಹೆಗಲಿಗೆ ಹೊರಿಸಿದಂತಲ್ಲವೇ ಎಂದು ಆಕ್ಷೇಪಿಸಬಹುದು. ಕುಂತಿಯು ಭೀಮನನ್ನು ಕಳುಹಿಸಲು ಒಪ್ಪಿದುದಕ್ಕೆ ಧರ್ಮರಾಯನೇ ಆಕ್ಷೇಪಿಸಿದನು. ಆದರೆ ಆ ಬ್ರಾಹ್ಮಣನ ನಡತೆಯನ್ನು ನೋಡಬೇಕು. ಅವನು ದುಃಖವನ್ನು ಹೇಳಿದನು. ಅತಿಥಿಯ ಮಗನು ತನಗಾಗಿ ಸಾಯುವುದನ್ನು ಮಾತ್ರ ಮೊದಲು ಒಪ್ಪಲೇ ಇಲ್ಲ. ತಿಳಿಸುವುದು ಬೇರೆ, ಹೊರಿಸುವುದು ಬೇರೆ. ತಿಳಿದ ಮೇಲೆ ಹೆಗಲು ಕೊಡುವುದು ಕೇಳಿದವರ ಧರ್ಮ.

ಹೇಳಿದೊಡನೆ ಸಂಕಟ ತೀರುವುದೆಂಬ ಭರವಸೆಯೂ ಇಲ್ಲ. ಏಳನೆಯ ಭಾಗದಲ್ಲಿ ರಿಕಾ ಹೇಳಿದಳು, ಮಿತ್ರರು ಜೊತೆಗೆ ನಿಂತರು, ಎಲ್ಲರೂ ಮಡಿದರು. ಎಂಟನೆಯದರಲ್ಲಿ ಮತ್ತೆ ಎಲ್ಲರೂ ಒಂದಾದರು. ಆಗ ಚಕ್ರ ಮುರಿಯಿತು. ಮೌನದಿಂದಲಂತೂ ನೂರು ವರ್ಷಗಳಲ್ಲಿ ಅದು ಮುರಿದಿರಲಿಲ್ಲ.

ಶಿಡ್ಲಘಟ್ಟದ ರೇಷ್ಮೆಬೆಳೆಗಾರರಿಗೆ ಇದು ಹೊಸ ಮಾತಲ್ಲ. ಸುಣ್ಣಕಟ್ಟು ರೋಗವನ್ನು ಮರ್ಯಾದೆಗಂಜಿ ಬಚ್ಚಿಟ್ಟರೆ, ಅದರ ಬೀಜಕಣಗಳು ಗಾಳಿಯಲ್ಲಿ ತೇಲಿ ನೆರೆಯವನ ಹುಳುಮನೆಗೂ ತನ್ನದೇ ಮುಂದಿನ ಬೆಳೆಗೂ ತಗುಲುವುವು. ಸಾಲ, ಕಾಯಿಲೆ, ಕುಡಿತ ಇವನ್ನು ಬಾಗಿಲ ಹಿಂದೆ ಅಡಗಿಸಿಡುವ ಮನೆಗಳ ಗತಿಯೂ ಅದೇ. ಅಂತಹ ಮನೆಯ ಅಳು ನೆರೆಮನೆಗೆ ಕೇಳಿಸಲಿ. ಕೇಳಿದವರು ಕುಂತಿಯಂತೆ ಎದ್ದು ಒಳಗೆ ಹೋಗಿ ಏನೆಂದು ವಿಚಾರಿಸಲಿ.