ಗಾಜಿನ ಕೊಳವೂ ಅಹಿಂಸಾಣುವ್ರತವೂ

ಶ್ರಾವಕನ ವ್ರತಗಳು ಬಸದಿಯ ಪ್ರಾಕಾರದೊಳಗೆ ಪರೀಕ್ಷೆಗೆ ಒಳಗಾಗುವುದು ಅಪರೂಪ. ಅವುಗಳ ನಿಜವಾದ ಪರೀಕ್ಷೆ ನಡೆಯುವುದು ಮನೆಯ ಹಜಾರದಲ್ಲಿ, ಅದೂ ಅನೇಕ ವೇಳೆ ಮಕ್ಕಳ ಬಾಯಿಂದ. ಕಳೆದ ಬೇಸಿಗೆಯಲ್ಲಿ ವಿಜಯನಗರದ ನಮ್ಮ ಮನೆಯಲ್ಲಿ ಎದ್ದ ಒಂದು ಪ್ರಶ್ನೆಯನ್ನು ಧರ್ಮಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹತ್ತು ವರ್ಷದ ಮೊಮ್ಮಗ ಬಸವೇಶ್ವರನಗರದ ಬಂಧುಗಳ ಮನೆಗೆ ಹೋಗಿ ಬಂದ. ಅಲ್ಲಿ ಒಂದು ಗಾಜಿನ ತೊಟ್ಟಿ; ತಳದಲ್ಲಿ ಮರಳು, ಅದರಲ್ಲಿ ಬೇರೂರಿದ ಹಸುರು ಜಲಸಸ್ಯಗಳು, ಅವುಗಳ ನಡುವೆ ಬಣ್ಣದ ಮೀನುಗಳು. ಅಂಥದೊಂದು ನಮ್ಮಲ್ಲಿಯೂ ಬೇಕೆಂಬುದು ಅವನ ಹಟ. ನಾನು ಒಪ್ಪದಿರಲು ಅವನು ಕೇಳಿದ: “ಅಜ್ಜಾ, ಮೀನನ್ನು ಕೊಲ್ಲಬಾರದು, ತಿನ್ನಬಾರದು ಎಂದು ನೀವೇ ಹೇಳುತ್ತೀರಿ. ನಾವು ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ. ಊಟ ಹಾಕಿ ಸಾಕುತ್ತೇವೆ. ಇದರಲ್ಲಿ ತಪ್ಪೇನು?”

ಆ ಮಗುವಿಗೆ ತಿಳಿಯದ ಒಂದು ಸಂಗತಿ ನನ್ನ ಮನಸ್ಸಿನಲ್ಲಿತ್ತು. 1986ರಲ್ಲಿ ಅವನ ತಂದೆ ಅದೇ ವಯಸ್ಸಿನವನಾಗಿದ್ದಾಗ ಇದೇ ಹಟ ಹಿಡಿದಿದ್ದ. ನಾನು ಒಂದೇ ಸಂಜೆಯಲ್ಲಿ ತೊಟ್ಟಿಯನ್ನೂ ಹತ್ತು ಮೀನುಗಳನ್ನೂ ಕೊಂಡು ತಂದೆ, ನಲ್ಲಿಯ ನೀರನ್ನು ನೇರವಾಗಿ ತುಂಬಿದೆ, ಮೀನುಗಳನ್ನು ಬಿಟ್ಟೆ. ಹದಿನೈದು ದಿನಗಳೊಳಗೆ ಹತ್ತೂ ಸತ್ತವು. ಕೊನೆಯದು ಎರಡು ದಿನ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿತ್ತು. ಏಕೆಂದು ನನಗೆ ತಿಳಿಯಲಿಲ್ಲ. ಆ ವರ್ಷದ ದಶಲಕ್ಷಣ ಪರ್ವದಲ್ಲಿ, ಯಾವ ಪ್ರಾಣಿಯನ್ನೂ ಕ್ರಯಕ್ಕೆ ತರುವುದಿಲ್ಲವೆಂದು ಮುನಿಗಳ ಸನ್ನಿಧಿಯಲ್ಲಿ ನಿಯಮ ಕೇಳಿದೆ. ನಿಯಮವೆಂದರೆ ಕಾಲಮಿತಿಯುಳ್ಳದ್ದು, ನಾನು ಅದನ್ನು ಯಾವಜ್ಜೀವ, ಯಮರೂಪವಾಗಿಯೇ ಸ್ವೀಕರಿಸಿದೆ.

ಆ ಮೀನುಗಳು ಸತ್ತ ಕಾರಣ ನನಗೆ ತಿಳಿದದ್ದು ಬಹುಕಾಲದ ನಂತರ. ನಗರದ ನಲ್ಲಿ ನೀರಿನಲ್ಲಿ ರೋಗಾಣುನಾಶಕ್ಕಾಗಿ ಬೆರೆಸಿದ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರುಗಳನ್ನು ಸುಡುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಕೆರೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಯೂ, ಬೇರೆ ಬಗೆಯವು ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಸಸ್ಯಗಳು ಅದನ್ನು ಹೀರಿಕೊಳ್ಳುತ್ತವೆ. ಹೊಸ ಗಾಜಿನ ತೊಟ್ಟಿಯಲ್ಲಿ ಈ ಸೂಕ್ಷ್ಮಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಅದಕ್ಕೆ ಮುನ್ನ ಬಿಟ್ಟ ಮೀನು ತನ್ನದೇ ವಿಸರ್ಜನೆಯಲ್ಲಿ ಬೆಂದು ಸಾಯುತ್ತದೆ. ನಾನು ಯಾವ ಮೀನಿಗೂ ಕೈಯೆತ್ತಲಿಲ್ಲ. ಕೊಲ್ಲುವ ಸಂಕಲ್ಪವಂತೂ ಇರಲೇ ಇಲ್ಲ. ಆದರೆ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಆರು ವಾರ ಕಾಯದ ಆ ಸಂಜೆಯ ಆತುರವೇ ನನ್ನ ಪ್ರಮಾದ.

ಆದ್ದರಿಂದ ಮೊಮ್ಮಗನಿಗೆ ಕೇವಲ “ಬೇಡ” ಎನ್ನದೆ, ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಅವನ ತೊಟ್ಟಿಗೆ ಅನ್ವಯಿಸಿ ತೋರಿಸಿದೆ. ಮೊದಲನೆಯದು ಬಂಧ: ಸಂಚರಿಸಬೇಕಾದ ಜೀವವನ್ನು ಕಟ್ಟಿಹಾಕುವುದು. ನಾಲ್ಕು ಗಾಜುಗಳ ನಡುವೆ ಹಾಕಿದ ಮೇಲೆ ಬೇರೆ ಹಗ್ಗ ಬೇಕೆ? ಎರಡನೆಯದು ವಧ: ಇಲ್ಲಿ ಇದರ ಅರ್ಥ ಕೊಲ್ಲುವುದಲ್ಲ, ಹೊಡೆಯುವುದು. ಮಕ್ಕಳು ಗಾಜನ್ನು ಬೆರಳಿನಿಂದ ತಟ್ಟಿದಾಗಲೆಲ್ಲ ಒಳಗಿನ ಜೀವ ನಡುಗುತ್ತದೆ. ಮೂರನೆಯದು ಛೇದ: ಅಂಗಚ್ಛೇದನ. ನಮ್ಮ ದೇಶದ್ದೇ ಆದ, ಗಾಜಿನಂತೆ ಪಾರದರ್ಶಕವಾದ ಒಂದು ಜಾತಿಯ ಮೀನಿಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ಪದ್ಧತಿಯುಂಟು. ಕತ್ತರಿಸದಿದ್ದರೂ ಇದು ಆ ಸಾಲಿಗೇ ಸೇರಬೇಕು. ನಾಲ್ಕನೆಯದು ಅತಿಭಾರಾರೋಪಣ: ಎತ್ತಿಗೆ ಅತಿಯಾದ ಹೊರೆ ಹೇರುವುದು ಹೇಗೋ, ನಾಲ್ಕು ಮೀನಿಗೆ ತಕ್ಕ ನೀರಿನಲ್ಲಿ ಇಪ್ಪತ್ತನ್ನು ತುಂಬುವುದೂ ಹಾಗೆಯೇ. ಐದನೆಯದು ಅನ್ನಪಾನನಿರೋಧ: ಹೊತ್ತಿಗೆ ಆಹಾರ ಕೊಡದಿರುವುದು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ನಂತರ ಕೇಳಿದ: “ಹಾಗಾದರೆ ಮೀನನ್ನು ನೋಡುವುದೇ ತಪ್ಪೆ?”

ಈ ಮಾತಿಗೆ ಉತ್ತರವಾಗಿ ಮೇ ತಿಂಗಳಲ್ಲಿ ಅವನನ್ನು ನಮ್ಮ ಮೂಲ ಊರಿನ ಕಡೆ, ಕಾರ್ಕಳದಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿರುವ ವರಂಗಕ್ಕೆ ಕರೆದೊಯ್ದೆ. ಅಲ್ಲಿಯ ಕೆರೆಬಸದಿ ನೀರಿನ ನಡುವೆ ನಿಂತಿರುವ ಚತುರ್ಮುಖ ಬಸದಿ. ದೋಣಿಯಲ್ಲಿ ಹೋಗಿ ದರ್ಶನ ಮಾಡಬೇಕು. ದೋಣಿಯ ಪಕ್ಕದಲ್ಲಿ ಮೀನುಗಳು ಬಂದವು, ಹೋದವು. ಮರುದಿನ ಬೆಳ್ತಂಗಡಿ ತಾಲೂಕಿನ ಶಿಶಿಲಕ್ಕೆ ಹೋದೆವು. ಅಲ್ಲಿ ಕಪಿಲಾ ನದಿಯ ಮೀನುಗಳನ್ನು ದೇವರ ಮೀನುಗಳೆಂದು ಭಾವಿಸಿ ಯಾರೂ ಹಿಡಿಯುವುದಿಲ್ಲ. 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿದ್ದರಿಂದ ಅಲ್ಲಿ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಊರಿನವರು ಸ್ಮಾರಕ ನಿಲ್ಲಿಸಿದ್ದಾರೆ. ನೋಡುವುದು ತಪ್ಪಲ್ಲ, ನಾವು ನೋಡಲೆಂದು ಅದು ಇರಬೇಕೆನ್ನುವುದು ತಪ್ಪು. ಈ ಭೇದವನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಹಿಂತಿರುಗುವಾಗ ಅವನೇ, “ಗಿಡಗಳನ್ನು ಮಾತ್ರ ಇಡೋಣ, ಮೀನು ಬೇಡ” ಎಂದ.

ಅದಕ್ಕೂ ನನಗೆ ಸಂಕೋಚವಿತ್ತು. ಮಣ್ಣು, ನೀರು, ಸಸ್ಯಗಳೂ ಏಕೇಂದ್ರಿಯ ಜೀವಗಳಲ್ಲವೆ? ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕೀಳುವುದು ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಸೇರುತ್ತದೆ. ಕಣ್ಣಿನ ಸುಖ ಒಂದು ಪ್ರಯೋಜನವೆ? ಗೃಹಸ್ಥನು ಸ್ಥಾವರ ಹಿಂಸೆಯನ್ನು ಪೂರ್ಣವಾಗಿ ಬಿಡಲಾರನು. ಆದರೆ ಮಿತಿ ಹಾಕಿಕೊಳ್ಳಬಲ್ಲನು. ಅಂಗಳದ ಹೂಗಿಡಕ್ಕೆ ಇರುವ ಸ್ಥಾನವನ್ನು ಇದಕ್ಕೂ ಕೊಟ್ಟು, ಒಂದೇ ತೊಟ್ಟಿ, ಎರಡು ಅಡಿಗಿಂತ ಉದ್ದವಿಲ್ಲದ್ದು, ಬದಲಿಸಿದ ನೀರು ಚರಂಡಿಗೆ ಹೋಗದೆ ತೆಂಗಿನ ಬುಡಕ್ಕೆ ಹೋಗಬೇಕು ಎಂದು ಭೋಗೋಪಭೋಗ ಪರಿಮಾಣ ಮಾಡಿಕೊಂಡೆವು.

ತೊಳೆದ ಮರಳಿನ ಹಾಸಿನಲ್ಲಿ ಉದ್ದನೆಯ ಎಲೆಗಳ ವ್ಯಾಲಿಸ್ನೇರಿಯಾವನ್ನೂ, ನಮ್ಮ ಕೆರೆಗಳದೇ ಆದ ಹೈಡ್ರಿಲ್ಲಾವನ್ನೂ ನೆಟ್ಟೆವು. ಸುಮಾರು 60 ಲೀಟರ್ ನೀರನ್ನು ತೆರೆದ ಪಾತ್ರೆಗಳಲ್ಲಿ ಒಂದು ದಿನ ಇಟ್ಟು, ಕ್ಲೋರಿನ್ ಆರಿದ ಮೇಲೆ ತುಂಬಿದೆವು. ದಿನಕ್ಕೆ ಎಂಟು ಗಂಟೆ ಬೆಳಕು. ಮೊದಲ ವಾರದಲ್ಲಿ ನೀರು ಮಸುಕಾಯಿತು. ಎರಡನೆಯ ವಾರ ಹಳೆಯ ಎಲೆಗಳು ಕೊಳೆತವು. ಗಾಜಿನ ಮೇಲೆ ಕಂದು ಪಾಚಿ ಬಂತು. ನಾಲ್ಕನೆಯ ವಾರ ಹೊಸ ಚಿಗುರು ಕಂಡಿತು. ಪ್ರತಿದಿನ ನೋಡುತ್ತ, ಮುಟ್ಟದೆ ಕಾಯುವುದನ್ನು ಹುಡುಗ ಕಲಿತ. ಸಂಯಮವೆಂಬ ಮಾತಿಗೆ ಅವನಿಗೆ ನಾನು ಬೇರೆ ಅರ್ಥ ಹೇಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಜುಲೈ ತಿಂಗಳಲ್ಲಿ ನೆರೆಮನೆಯವರು ಬೇರೆ ಊರಿಗೆ ವರ್ಗವಾಗಿ ಹೊರಟರು. ಅವರಲ್ಲಿ ನಾಲ್ಕು ಕಪ್ಪು ಮೋಲಿ ಮೀನುಗಳಿದ್ದವು. “ನೀವು ಇಟ್ಟುಕೊಳ್ಳದಿದ್ದರೆ ಮಲ್ಲತ್ತಹಳ್ಳಿ ಕೆರೆಗೆ ಬಿಡುತ್ತೇವೆ” ಎಂದರು. ಜೀವ ಬಿಡಿಸಿದ ಪುಣ್ಯವೆಂದು ಕೆಲವರು ಹಾಗೆ ಮಾಡುವುದುಂಟು. ಆದರೆ ಮೋಲಿಯ ಮೂಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು ಕೆರೆಯಲ್ಲಿ ಬಾಳದೆ ಸಾಯಬಹುದು, ಬಾಳಿದರೆ ಅಲ್ಲಿಯ ಜೀವಗಳ ಅನ್ನ ಕಸಿಯಬಹುದು. ದಕ್ಷಿಣ ಅಮೆರಿಕದ, ಗಾಜಿಗೆ ಬಾಯಿ ಅಂಟಿಸಿ ಪಾಚಿ ನೆಕ್ಕುವ ಮೀನು ಹೀಗೆಯೇ ಮನೆಗಳ ತೊಟ್ಟಿಗಳಿಂದ ಹೊರಬಿದ್ದು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ನೆಲೆಯೂರಿದೆ. ಅರಿಯದೆ ಮಾಡಿದ ಬಿಡುಗಡೆ ಅಭಯದಾನವಾಗದು.

ನನ್ನ ವ್ರತ ಕೊಳ್ಳಬಾರದೆಂದು, ಸ್ವೀಕರಿಸಬಾರದೆಂದಲ್ಲ. ಆದರೆ ಅಕ್ಷರದ ಸಂದಿಯಲ್ಲಿ ನುಸುಳುವುದು ವ್ರತಪಾಲನೆಯೆ? ಕೃತ, ಕಾರಿತ, ಅನುಮೋದನೆ ಎಂಬ ಮೂರರಿಂದಲೂ ನನ್ನನ್ನು ಪರೀಕ್ಷಿಸಿಕೊಂಡೆ. ಅವುಗಳನ್ನು ನಾನು ಬಂಧಿಸಿಲ್ಲ, ನನಗಾಗಿ ಯಾರೂ ಬಂಧಿಸಿಲ್ಲ. ಮೂರನೆಯದರಲ್ಲಿ ಮಾತ್ರ ಪೂರ್ಣವಾಗಿ ನಿರ್ದೋಷಿಯೆಂದು ಹೇಳಲಾರೆ. ಅವು ಹಸುರಿನ ನಡುವೆ ತಿರುಗುವಾಗ ನನ್ನ ಕಣ್ಣೂ ಸಂತೋಷಪಡುತ್ತದೆ. ಆದ್ದರಿಂದ ವ್ರತಕ್ಕೆ ಇನ್ನೊಂದು ಬೇಲಿ ಹಾಕಿದೆ: ಈ ನಾಲ್ಕರ ಆಯುಷ್ಯ ಮುಗಿದ ಮೇಲೆ ಐದನೆಯದು ಬರುವುದಿಲ್ಲ. ನಾಲ್ಕೂ ಗಂಡಾದ್ದರಿಂದ ಸಂತತಿ ಬೆಳೆಯುವ ಪ್ರಶ್ನೆಯಿಲ್ಲ. ನೆರೆಯವರ ಹಳೆಯ ಫಿಲ್ಟರಿನ ಸ್ಪಂಜನ್ನೂ ಜೊತೆಗೆ ತಂದೆವು. ಅದರಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ನೀರನ್ನು ಕಾಯುತ್ತವೆ. ಆಹಾರದ್ದೇ ಕಷ್ಟ: ಅಂಗಡಿಯ ಒಣ ಆಹಾರದಲ್ಲಿ ಸಾಮಾನ್ಯವಾಗಿ ಮೀನಿನ ಹಿಟ್ಟು ಇರುತ್ತದೆ, ಕೆಲವರು ಜೀವಂತ ಹುಳುಗಳನ್ನೇ ಹಾಕುತ್ತಾರೆ. ಒಂದು ಜೀವವನ್ನು ಸಾಕಲು ನೂರು ಜೀವಗಳನ್ನು ಕೊಲ್ಲುವುದು ದಯೆಯಲ್ಲ. ಪುಣ್ಯಕ್ಕೆ ಮೋಲಿ ಪ್ರಧಾನವಾಗಿ ಪಾಚಿ ತಿನ್ನುವ ಜಾತಿ. ತೊಟ್ಟಿಯ ಪಾಚಿ, ಬೇಯಿಸಿದ ಪಾಲಕ್ ಸೊಪ್ಪು, ಸಿಪ್ಪೆ ತೆಗೆದು ಬೇಯಿಸಿ ಹಿಸುಕಿದ ಬಟಾಣಿ, ಸ್ಪೈರುಲಿನಾ ಪುಡಿ, ಇವುಗಳಿಂದ ಅವು ಈವರೆಗೆ ಚೆನ್ನಾಗಿವೆ.

ಭಾದ್ರಪದ ಬಂತು. ಅನಂತ ಚತುರ್ದಶಿಯಂದು ನಾನು ಉಪವಾಸ. ಮೊಮ್ಮಗ ತಾನಾಗಿ ಏಕಾಶನ ಹಿಡಿದ. ಬೆಳಿಗ್ಗೆ ತೊಟ್ಟಿಯ ಮುಂದೆ ನಿಂತು ಕೇಳಿದ: “ಅಜ್ಜಾ, ಇವತ್ತು ಮೀನುಗಳಿಗೂ ಉಪವಾಸವೇ? ವಾರಕ್ಕೊಂದು ದಿನ ಆಹಾರ ಹಾಕದಿದ್ದರೆ ಅವುಗಳಿಗೆ ಒಳ್ಳೆಯದಂತೆ.”

ವಾರಕ್ಕೊಮ್ಮೆ ಆಹಾರ ಬಿಟ್ಟರೆ ಮೀನಿಗೆ ಹಾನಿಯಿಲ್ಲವೆಂಬುದು ನಿಜ. ಎಷ್ಟೋ ಜನ ಸಾಕುವವರು ಹಾಗೆ ಮಾಡುತ್ತಾರೆ. ಆದರೂ ನಾನು ಹೇಳಿದೆ: “ಮಗು, ಅವುಗಳ ಆರೋಗ್ಯಕ್ಕೆಂದು ನಾಳೆ ಬೇಕಾದರೆ ಬಿಡು. ಇಂದು, ನಮ್ಮ ವ್ರತವೆಂಬ ಕಾರಣಕ್ಕೆ ಬಿಡಬೇಡ. ನಾನು ಹಸಿದಿರುವುದು ನನ್ನ ಸಂಕಲ್ಪದಿಂದ. ನಿನ್ನ ಏಕಾಶನ ನಿನ್ನದು. ಅವು ಯಾರ ಮುಂದೆಯೂ ವ್ರತ ಹಿಡಿದಿಲ್ಲ. ತಾನಾಗಿ ಬಿಟ್ಟ ಅನ್ನ ತಪಸ್ಸು; ಬೇರೆಯವರಿಂದ ಬಿಡಿಸಿದ ಅನ್ನ ಅನ್ನಪಾನನಿರೋಧ. ಎರಡರಲ್ಲಿಯೂ ಹೊಟ್ಟೆ ಖಾಲಿ ಎಂದ ಮಾತ್ರಕ್ಕೆ ಎರಡೂ ಒಂದೇ ಅಲ್ಲ.”

ಅವನು ಪಾಲಕ್ ಎಲೆಯನ್ನು ತಂದು ಹಾಕಿದ. ಆಗ ನನಗೆ ಕ್ರಿ.ಶ. 959ರಲ್ಲಿ ಸೋಮದೇವಸೂರಿಗಳು ಮುಗಿಸಿದ ಯಶಸ್ತಿಲಕ ಚಂಪುವಿನಲ್ಲಿ ಬರುವ ಮೃಗಸೇನನೆಂಬ ಬೆಸ್ತನ ಕಥೆ ನೆನಪಾಯಿತು. ಬಲೆಗೆ ಮೊದಲು ಬಿದ್ದ ಮೀನನ್ನು ಮಾತ್ರ ಬಿಡಬೇಕೆಂಬ ಸಣ್ಣ ವ್ರತವನ್ನು ಮುನಿಗಳಿಂದ ಪಡೆದ ಅವನ ಬಲೆಗೆ, ಗುರುತು ಮಾಡಿ ಬಿಟ್ಟ ಅದೇ ಮೀನು ಅಂದು ಐದು ಬಾರಿ ಬಿತ್ತು. ಐದು ಬಾರಿಯೂ ಬಿಟ್ಟ. ಬರಿಗೈಯಲ್ಲಿ ಬಂದವನಿಗೆ ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತನು. ಮರುಜನ್ಮದಲ್ಲಿ ಐದು ಬಾರಿ ಮೃತ್ಯುವಿನಿಂದ ಪಾರಾದನೆಂದು ಕಥೆ. ಅವನು ವ್ರತಕ್ಕಾಗಿ ಹಸಿದದ್ದು ತಾನು, ಮೀನನ್ನು ಹಸಿಸಲಿಲ್ಲ.

ಮನೆಯಲ್ಲಿ ಗಾಜಿನ ತೊಟ್ಟಿಯಿರುವ ಬಂಧುಗಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಹತ್ತು ಜೀವಗಳ ಲೆಕ್ಕ ನನ್ನ ಮೇಲೆಯೇ ಇದೆ. ಇಡಬೇಕೆನ್ನುವವರು ಮೊದಲು ಗಿಡ ನೆಟ್ಟು ಆರು ವಾರ ಕಾಯಲಿ. ಅಷ್ಟರಲ್ಲಿ ಮೀನಿನ ಆಸೆ ತಾನಾಗಿ ಇಳಿದರೆ ಲಾಭ. ಇಳಿಯದಿದ್ದರೆ, ಯಾವ ಜೀವದ ಅನ್ನ, ಉಸಿರು, ಮರಣಗಳಿಗೆ ತಾವು ಹೊಣೆಯಾಗುತ್ತಿದ್ದೇವೆಂಬುದನ್ನಾದರೂ ತಿಳಿದು ಆಗಲಿ. ನಮ್ಮ ಮನೆಯ ನಾಲ್ಕರಲ್ಲಿ ಒಂದು ಈಗ ಮುಪ್ಪಾಗಿದೆ. ಎಲೆಗಳ ನೆರಳಿನಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ಹುಡುಗ ಶಾಲೆಗೆ ಹೊರಡುವ ಮುನ್ನ ಗಾಜನ್ನು ತಟ್ಟದೆ, ಬಗ್ಗಿ ನೋಡಿ ಹೋಗುತ್ತಾನೆ.